ಹಸಿರು ಚುಕ್ಕೆಯ ವಯಸ್ಸು

"ಮಾವ, ನೀವು ಮಾತ್ರ ಇದನ್ನ ಮುಟ್ಟೋ ಹಾಗಿಲ್ಲ" ಅಂದ ಅಳಿಯ. ಮಾತು ಒರಟಾಯಿತೇನೋ ಅನ್ನಿಸಿ, ಕೂಡಲೇ ಕಾಫಿ ಲೋಟವನ್ನು ನನ್ನ ಕಡೆಗೆ ಸರಿಸಿದ.

ಟೆಕ್ಸಾಸಿನಲ್ಲಿರುವ ಮಗಳ ಮನೆಯ ಊಟದ ಮೇಜು. ಅದರ ಮೇಲೆ ಹಳೇ ಬೈರಾಸು ಹಾಸಿ, ಗುಂಡು ತೆಗೆದ ಪಿಸ್ತೂಲನ್ನು ಬಿಚ್ಚಿಟ್ಟಿದ್ದ. ಪಕ್ಕದಲ್ಲಿ ಅಂಗಡಿಯಿಂದ ತರಿಸಿದ ಹೊಸ ನೈಟ್ ಸೈಟಿನ, ಅಂದರೆ ಕತ್ತಲಲ್ಲಿ ಹೊಳೆಯುವ ಗುರಿಚುಕ್ಕೆಯ, ಪೊಟ್ಟಣ. ಪ್ರವಾಸಿ ವೀಸಾದ ಮೇಲೆ ಅಮೆರಿಕಕ್ಕೆ ಬಂದವನು ಬಂದೂಕು ಕೈಯಲ್ಲಿ ಹಿಡಿಯುವಂತಿಲ್ಲ, ಬೇಟೆಯ ಲೈಸೆನ್ಸಿನಂಥ ಒಂದೆರಡು ವಿನಾಯಿತಿ ಬಿಟ್ಟರೆ. ಇಲ್ಲಿಯ ಜನ ಪರ್ಮಿಟ್ಟೇ ಇಲ್ಲದೆ ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು ಓಡಾಡಬಹುದೆಂದು 2021ರ ಸೆಪ್ಟೆಂಬರಿನಲ್ಲಿ ಕಾನೂನು ಬಂದಿದೆ. 24 ವರ್ಷ ಸೈನ್ಯದ ಇಎಂಇಯಲ್ಲಿ ಕೋವಿ ರಿಪೇರಿಯ ಆರ್ಮರರ್ ಆಗಿದ್ದು ಹವಾಲ್ದಾರನಾಗಿ ನಿವೃತ್ತನಾದ ನಾನು ಮಾತ್ರ ಕೈ ಕಟ್ಟಿ ಕೂರಬೇಕು. ಕೊಡಗಿನವನಿಗೆ ಇದಕ್ಕಿಂತ ದೊಡ್ಡ ತಮಾಷೆ ಬೇಕೆ? ಮಾರ್ಕ್ ಕಬ್ಬನ್ ಕಮಿಷನರ್ ಆಗಿದ್ದ ಕಾಲದಿಂದ, ಅಂದರೆ 1861ರಿಂದ, ನಮ್ಮ ಜಿಲ್ಲೆಯಲ್ಲಿ ಕೋವಿಗೆ ಲೈಸೆನ್ಸ್ ಬೇಡ ಅನ್ನುವ ವಿನಾಯಿತಿ ನಡೆದುಕೊಂಡು ಬಂದಿದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಅದನ್ನು ಈಗ 2029ರವರೆಗೆ ಮುಂದುವರಿಸಿದ್ದಾರೆ. ಕೈಲ್ ಮುಹೂರ್ತದ ದಿನ ದೇವರ ಕೋಣೆಯಲ್ಲಿ ಕೋವಿ ಇಟ್ಟು ಹೂ ಮುಡಿಸುವ ಮನೆಯಲ್ಲಿ ಬೆಳೆದವನು ನಾನು.

ಪಿಸ್ತೂಲು ಗ್ಲಾಕ್ 19. ಆಸ್ಟ್ರಿಯದವರು 1988ರಲ್ಲಿ ಹೊರಡಿಸಿದ ಮಾದರಿ. ಅಂಗಿಯ ಅಡಿ ಮುಚ್ಚಿಟ್ಟುಕೊಳ್ಳುವಷ್ಟು ಚಿಕ್ಕದು, ಕೈ ತುಂಬ ಹಿಡಿಯುವಷ್ಟು ದೊಡ್ಡದು. ಅಳಿಯ ಹಾಸನದ ಹುಡುಗ, ಲೆಕ್ಕದವನು. ಹೊಸದು ಕೊಳ್ಳದೆ ಪೊಲೀಸರು ಬಳಸಿ ಮಾರಿದ್ದನ್ನು ಕೊಂಡಿದ್ದ. ಇಲ್ಲಿಯ ಪೊಲೀಸ್ ಇಲಾಖೆಗಳು ಕೆಲವು ವರ್ಷಕ್ಕೊಮ್ಮೆ ಹಳೆಯ ಪಿಸ್ತೂಲುಗಳನ್ನು ವ್ಯಾಪಾರಿಗೆ ಕೊಟ್ಟು ಹೊಸದು ತರುತ್ತವೆ. ಹಾಗೆ ಬಂದ ಪಿಸ್ತೂಲುಗಳ ಗುರುತು ಎರಡು. ಚೀಲಕ್ಕೆ ಉಜ್ಜಿ ಉಜ್ಜಿ ಮೂತಿಯ ಹತ್ತಿರ ಕಪ್ಪು ಬಣ್ಣ ಹೋಗಿ ಉಕ್ಕು ಹೊಳೆಯುತ್ತಿರುತ್ತದೆ. ಮತ್ತೆ, ಒಂದು ಕಾಲದಲ್ಲಿ ಕತ್ತಲಲ್ಲಿ ಹಸಿರಾಗಿ ಹೊಳೆಯುತ್ತಿದ್ದ ಸೈಟು ಮಂಕಾಗಿರುತ್ತದೆ.

"ನೋಡಿ ಮಾವ, ರೇಡಿಯಂ ಸತ್ತು ಹೋಗಿದೆ" ಅಂದ.

ನಮ್ಮ ಕಡೆ ಹೊಳೆಯುವುದೆಲ್ಲ ರೇಡಿಯಮ್ಮೇ. ಲಾರಿಯ ಹಿಂದೆ ಅಂಟಿಸುವ ಕೆಂಪು ಪಟ್ಟಿ ರೇಡಿಯಂ, ಆಟೋದ ಗಾಜಿನ ಮೇಲಿನ ಅಮ್ಮನ ಹೆಸರು ರೇಡಿಯಂ. 'ರೇಡಿಯಂ ಕಟಿಂಗ್' ಅಂತ ಬೋರ್ಡು ಹಾಕಿಕೊಂಡ ಅಂಗಡಿ ಇಲ್ಲದ ಬಸ್ ಸ್ಟ್ಯಾಂಡ್ ಕರ್ನಾಟಕದಲ್ಲಿ ಇದೆಯೋ ಇಲ್ಲವೋ. ಆ ಅಂಗಡಿಗಳಲ್ಲಿ ರೇಡಿಯಂ ಅನ್ನುವ ಧಾತು ಒಂದು ಕಣವೂ ಇಲ್ಲ, ಪುಣ್ಯಕ್ಕೆ. ಈ ಪಿಸ್ತೂಲಿನಲ್ಲೂ ಇಲ್ಲ. ಕನ್ನಡಕ ಏರಿಸಿ, ಮುಟ್ಟದೆ ಬಗ್ಗಿ ನೋಡಿದೆ. ಹಿಂದಿನ ಸೈಟಿನ ಪಕ್ಕದಲ್ಲಿ ಸಾಸಿವೆಗಿಂತ ಸಣ್ಣ ಅಕ್ಷರ: 'ಎಚ್3'. ಟ್ರಿಟಿಯಂ ಅಂತ ಅರ್ಥ. ಆದರೆ ಅಳಿಯ ಬಳಸಿದ ಪದ ಸುಮ್ಮನೆ ಹುಟ್ಟಿದ್ದಲ್ಲ.

ರೇಡಿಯಮ್ಮಿನ ಕಥೆಗೂ ಮೊದಲು ಸುಣ್ಣ.

ನನ್ನ ಅಪ್ಪನ ಒಂಟಿ ನಳಿಗೆಯ ಕೋವಿಯ ತುದಿಯಲ್ಲಿ ಇದ್ದದ್ದು ಒಂದು ಹಿತ್ತಾಳೆಯ ಮಣಿ. ಹಿಂದಿನ ಸೈಟೇ ಇಲ್ಲ. ಸೈನ್ಯ ಸೇರಿದ ಮೇಲೆ ಅದನ್ನು ಫೋರ್‌ಸೈಟ್ ಅನ್ನಬೇಕೆಂದು ಕಲಿತೆ. ಉತ್ತರದ ಹುಡುಗರು 'ಮಕ್ಖಿ' ಅನ್ನುತ್ತಿದ್ದರು, ನಳಿಗೆಯ ತುದಿಯಲ್ಲಿ ಕೂತ ನೊಣ. ಹಗಲಲ್ಲಿ ಆ ಮಣಿ ಸಾಕು. ಭತ್ತ ಹಾಲುಗಟ್ಟುವ ಕಾಲಕ್ಕೆ ಹಂದಿ ಬರುವುದು ರಾತ್ರಿ. ಅಪ್ಪ ಗದ್ದೆಯ ಅಟ್ಟಣೆ ಹತ್ತುವ ಮೊದಲು ಎಲೆಯಡಿಕೆಯ ಸುಣ್ಣದ ಡಬ್ಬಿ ತೆಗೆದು, ಕಿರುಬೆರಳ ಉಗುರಿನಲ್ಲಿ ಒಂದು ಚೂರು ಕೆರೆದು ಮಣಿಗೆ ಮೆತ್ತುತ್ತಿದ್ದರು. ಉಳಿದದ್ದು ಎಲೆಗೆ. ಬೆಳದಿಂಗಳ ಚೂರು ಇದ್ದರೂ ಸಾಕು, ಆ ಬಿಳಿ ಚುಕ್ಕೆ ಕಾಣುತ್ತಿತ್ತು.

ವನ್ಯಜೀವಿ ಕಾಯ್ದೆ ಬಂದದ್ದು 1972ರಲ್ಲಿ. ಇದು ಅದಕ್ಕೂ ಮೊದಲಿನ ಮಾತು. ಒಂದು ರಾತ್ರಿ ಅಪ್ಪನಿಗೆ ಸುಣ್ಣದ ಚುಕ್ಕೆ ಚೆನ್ನಾಗಿಯೇ ಕಂಡಿತು. ಗದ್ದೆಯ ಏರಿಯ ಬಳಿ ಕಪ್ಪಗೆ ಅಲುಗಾಡಿದ್ದರ ಮೇಲೆ ಚುಕ್ಕೆ ಇಟ್ಟರು, ಹೊಡೆದರು, ಗುರಿ ಒಂದಿಷ್ಟೂ ತಪ್ಪಲಿಲ್ಲ. ಬೆಳಗ್ಗೆ ನೋಡಿದರೆ ಪಕ್ಕದ ಮನೆಯವರ ಎಮ್ಮೆ ಕರು, ಹಗ್ಗ ಕಿತ್ತುಕೊಂಡು ಬಂದದ್ದು. ದುಡ್ಡು ಕೊಟ್ಟು ಮುಗಿಸಿದರು. ಆದರೆ ಕೈಲ್ ಮುಹೂರ್ತಕ್ಕೆ ಊರವರು ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವಾಗಲೆಲ್ಲ ಯಾರಾದರೊಬ್ಬರು "ಅಣ್ಣ, ಕಾಯಿಗೆ ಹಾಲು ಕರೆದಿದೆಯಾ ನೋಡಿಕೊಂಡು ಹೊಡೀರಿ" ಅನ್ನುವುದು ತಪ್ಪಲಿಲ್ಲ. ಆ ಮೇಲೆ ಅಪ್ಪ ಸುಣ್ಣ ಹಚ್ಚಲಿಲ್ಲ. ಎವರೆಡಿ ಟಾರ್ಚು ತಂದರು.

ದೊರೆಗಳ ಕೋವಿಗೆ ಸುಣ್ಣದ ಬದಲು ದಂತ ಇರುತ್ತಿತ್ತು. ಇಂಗ್ಲೆಂಡಿನ ಒಳ್ಳೆಯ ಕಾರ್ಖಾನೆಗಳು ದೊಡ್ಡ ಬೇಟೆಯ ರೈಫಲ್‌ಗಳ ಮುಂದಿನ ಸೈಟಿಗೆ ಮಡಚಿ ಎತ್ತುವ ಒಂದು ಬಿಳಿ ಗುಂಡು ಕೂರಿಸುತ್ತಿದ್ದವು. ಅದರ ಹೆಸರು ಮೂನ್‌ಸೈಟ್. ಹಗಲು ಮಲಗಿಸಿಡುವುದು, ಕತ್ತಲಾದ ಮೇಲೆ ಬೆರಳಲ್ಲಿ ಎಬ್ಬಿಸುವುದು. ರಜೆಯಲ್ಲಿ ಬಂದಾಗ ಒಬ್ಬ ಎಸ್ಟೇಟ್ ಮಾಲೀಕರ ಜೋಡಿನಳಿಗೆ ರಿಪೇರಿಗೆಂದು ನನ್ನ ಕೈಗೆ ಬಂದಿತ್ತು. ಅದರ ದಂತದ ಗುಂಡು ಮುದುಕನ ಹಲ್ಲಿನಂತೆ ಹಳದಿಯಾಗಿತ್ತು. ಬಂದ ಕೆಲಸ ಬೇರೆಯೇ ಇದ್ದರೂ ಅರ್ಧ ಗಂಟೆ ಅದನ್ನು ಎತ್ತಿ ಮಲಗಿಸಿ ಆಟವಾಡಿದ್ದೆ. ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ ಕೋವಿಗೇ ಟಾರ್ಚು ಕಟ್ಟಿಕೊಂಡು ಮಚಾನಿನ ಮೇಲೆ ಕೂರುತ್ತಿದ್ದರು. ತೇಜಸ್ವಿಯವರು ಕನ್ನಡಕ್ಕೆ ತಂದ ಅವರ ಕಾಡಿನ ಕಥೆಗಳನ್ನು ಓದಿದವರಿಗೆ ಆ ಟಾರ್ಚು ಗೊತ್ತು. ಆರ್ಮರರ್ ಆಗಿ ಹೇಳುವುದಾದರೆ ಟಾರ್ಚು ಒಂದು ಜಾತಿ, ಸುಣ್ಣ ಇನ್ನೊಂದು ಜಾತಿ. ಟಾರ್ಚು ಎದುರಿಗಿರುವುದನ್ನು ತೋರಿಸುತ್ತದೆ. ಸುಣ್ಣ, ದಂತ, ರೇಡಿಯಂ, ಟ್ರಿಟಿಯಂ ಎಲ್ಲವೂ ತೋರಿಸುವುದು ನಿನ್ನ ಕೈಯಲ್ಲಿರುವ ಕೋವಿಯನ್ನು ಮಾತ್ರ. ಇದನ್ನು ನಾನು ಅಳಿಯನಿಗೆ ಮೂರು ಸಲ ಹೇಳಿದೆ. ಮೂರನೇ ಸಲ ಎಮ್ಮೆ ಕರುವಿನ ಕಥೆ ಸೇರಿಸಿ.

ಕ್ಯೂರಿ ದಂಪತಿ ರೇಡಿಯಂ ಕಂಡುಹಿಡಿದದ್ದು 1898ರಲ್ಲಿ. ಅದರ ಒಂದು ಚಿಟಿಕೆಯನ್ನು ಸತುವಿನ ಸಲ್ಫೈಡಿಗೆ ಬೆರೆಸಿದರೆ ಬಿಸಿಲು ತೋರಿಸದೆಯೂ ಹಸಿರಾಗಿ ಹೊಳೆಯುತ್ತಲೇ ಇರುವ ಬಣ್ಣ ಸಿಗುತ್ತದೆಂದು ಕೆಲವೇ ವರ್ಷಗಳಲ್ಲಿ ಗೊತ್ತಾಯಿತು. ಮೊದಲ ಮಹಾಯುದ್ಧ ಬಂತು. ಕಂದಕದಲ್ಲಿ ಬೀಡಿ ಹಚ್ಚಿದರೂ ಶತ್ರುವಿನ ಗುಂಡು ಬರುವ ರಾತ್ರಿಗಳು. ದೀಪವಿಲ್ಲದೆ ಗಂಟೆ ನೋಡಬೇಕು, ದಿಕ್ಕು ನೋಡಬೇಕು, ಗುರಿ ಹಿಡಿಯಬೇಕು. ವಾಚು, ದಿಕ್ಸೂಚಿ, ಬಂದೂಕಿನ ಸೈಟು, ಮೂರಕ್ಕೂ ರೇಡಿಯಂ ಬಣ್ಣ ಬಂತು. ಜರ್ಮನ್ ಸಿಪಾಯಿಗಳು ಮೌಸರ್ ರೈಫಲಿಗೆ ಮೇಲಿಂದ ಸಿಕ್ಕಿಸುವ ಹೊಳೆಯುವ ಸೈಟುಗಳನ್ನು ಬಳಸಿದರು. ಈಗ ನಮ್ಮ ಮೇಜಿನ ಮೇಲಿದ್ದ ಪೊಟ್ಟಣದ ಮುತ್ತಜ್ಜ ಅದು.

ಆ ಬಣ್ಣ ಹಚ್ಚಿದವರು ಹುಡುಗಿಯರು. ನ್ಯೂಜೆರ್ಸಿಯ ಆರೆಂಜ್ ಎಂಬ ಊರಿನ ಕಾರ್ಖಾನೆ. 1921ರಿಂದ ಅದರ ಹೆಸರು ಯುನೈಟೆಡ್ ಸ್ಟೇಟ್ಸ್ ರೇಡಿಯಂ ಕಾರ್ಪೊರೇಷನ್, ಬಣ್ಣದ ಹೆಸರು ಅನ್‌ಡಾರ್ಕ್. ವಾಚಿನ ಅಂಕೆಗಳು ತೆಳ್ಳಗೆ ಬರಬೇಕಾದರೆ ಕುಂಚದ ತುದಿ ಚೂಪಾಗಿರಬೇಕು. ಚೂಪು ಮಾಡಲು ತುಟಿಗಳ ನಡುವೆ ಇಟ್ಟು ಎಳೆಯಿರಿ ಅಂತ ಮೇಲಿನವರೇ ಹೇಳಿಕೊಟ್ಟಿದ್ದರು. ತುಟಿ, ಬಣ್ಣ, ಡಯಲ್, ಮತ್ತೆ ತುಟಿ. ಎಷ್ಟು ಡಯಲ್ಲೋ ಅಷ್ಟು ಕೂಲಿ, ಆದ್ದರಿಂದ ಕೈ ನಿಲ್ಲುವ ಹಾಗಿಲ್ಲ. ಕೆಲಸ ಮುಗಿಸಿ ಹೊರಟ ಹುಡುಗಿಯರ ಕೂದಲು, ಬಟ್ಟೆ ಸಂಜೆಗತ್ತಲಲ್ಲಿ ಮಿನುಗುತ್ತಿದ್ದವಂತೆ. ಕೆಲವರು ತಮಾಷೆಗೆ ಉಗುರಿಗೂ ಹಲ್ಲಿಗೂ ಹಚ್ಚಿಕೊಂಡರು.

ನಮ್ಮ ಮೈಗೆ ರೇಡಿಯಮ್ಮಿಗೂ ಸುಣ್ಣದ ಸತ್ವಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಕ್ಯಾಲ್ಸಿಯಂ ಅಂದುಕೊಂಡು ಎಳೆದು ಮೂಳೆಯಲ್ಲಿ ಕೂರಿಸಿಕೊಳ್ಳುತ್ತದೆ. ಮೊದಲು ಹಲ್ಲುನೋವು, ಆಮೇಲೆ ದವಡೆಯೇ ಕರಗಿ ಕೈಗೆ ಬರುವುದು. ಆ ಹುಡುಗಿಯರಲ್ಲಿ ಮಾಲಿ ಮಾಜಿಯಾ ಎಂಬಾಕೆ 1922ರಲ್ಲಿ ಸತ್ತಾಗ ಗುಹ್ಯರೋಗದಿಂದ ಸತ್ತಳೆಂದು ಬರೆದುಬಿಟ್ಟರು. ಐದು ವರ್ಷದ ಮೇಲೆ ಗೋರಿ ಅಗೆದು ನೋಡಿದರೆ ಅವಳ ಮೂಳೆಗಳು ಇನ್ನೂ ವಿಕಿರಣ ಸೂಸುತ್ತಿದ್ದವು. ಗ್ರೇಸ್ ಫ್ರೈಯರ್ ಅನ್ನುವಾಕೆ ವಕೀಲರಿಗಾಗಿ ಅಲೆದು ಅಲೆದು 1927ರಲ್ಲಿ ಕಂಪನಿಯ ಮೇಲೆ ಮೊಕದ್ದಮೆ ಹೂಡಿದಳು, ಜೊತೆಗೆ ನಾಲ್ವರು. ಮರುವರ್ಷ ರಾಜಿಯಾಯಿತು: ತಲಾ 10,000 ಡಾಲರ್, ಬದುಕಿರುವವರೆಗೆ ವರ್ಷಕ್ಕೆ 600. 1933ರಲ್ಲಿ ಗ್ರೇಸ್ ತೀರಿಕೊಂಡಳು. ಆ ಬಣ್ಣವನ್ನು ಮಾಡಿ ಕಂಪನಿ ಕಟ್ಟಿದ ಸೇಬಿನ್ ಫಾನ್ ಸೊಚಾಕಿಯನ್ನೂ ಅದು ಬಿಡಲಿಲ್ಲ. ರಾಜಿಯಾದ ವರ್ಷವೇ, 1928ರ ನವೆಂಬರಿನಲ್ಲಿ ಸತ್ತ. ಇದನ್ನೆಲ್ಲ ನಾನು ಓದಿ ತಿಳಿದದ್ದು ನಿವೃತ್ತನಾದ ಮೇಲೆ. ಅಪ್ಪ ಸುಣ್ಣ ಮೆತ್ತಿದ ಬೆರಳನ್ನು ಆಮೇಲೆ ಎಲೆಗೆ, ಎಲೆಯನ್ನು ಬಾಯಿಗೆ ಇಡುತ್ತಿದ್ದದ್ದು ಓದುವಾಗಲೆಲ್ಲ ಕಣ್ಣಿಗೆ ಕಟ್ಟುತ್ತದೆ.

ನಮ್ಮ ಮನೆಯಲ್ಲೂ ಒಂದು ರೇಡಿಯಂ ಇದೆ, ಅಸಲಿಯದು. ಎರಡನೇ ಮಹಾಯುದ್ಧದಲ್ಲಿದ್ದ ನನ್ನ ದೊಡ್ಡಪ್ಪನ ವೆಸ್ಟ್ ಎಂಡ್ ವಾಚು. ಹಿಂದೂಸ್ತಾನದ ಸಿಪಾಯಿಗಳು ಹೆಮ್ಮೆಯಿಂದ ಕಟ್ಟಿಕೊಳ್ಳುತ್ತಿದ್ದ ಕಂಪನಿ ಅದು. ನಾನು ಹುಡುಗನಾಗಿದ್ದಾಗಲೇ ಅದರ ಮುಳ್ಳುಗಳು ಹೊಳೆಯುವುದನ್ನು ನಿಲ್ಲಿಸಿದ್ದವು. ಅಂಕೆಗಳ ಮೇಲಿನ ಬಣ್ಣ ಸುಟ್ಟ ಬೆಲ್ಲದ ಹಾಗೆ ಕಂದಾಗಿತ್ತು. ಸತ್ತ ವಾಚು ಅಂತಲೇ ಎಲ್ಲರೂ ಅಂದುಕೊಂಡಿದ್ದೆವು. ಒಮ್ಮೆ ನಮ್ಮ ವರ್ಕ್‌ಶಾಪಿಗೆ ವಿಕಿರಣ ಅಳೆಯುವ ಮೀಟರೊಂದು ರಿಪೇರಿಗೆ ಬಂತು. ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್ ನನ್ನ ಗೆಳೆಯ, ಮಲಯಾಳಿ. ಪರೀಕ್ಷೆಗೆ ಏನಾದರೂ ಬೇಕಲ್ಲ ಅಂತ ನನ್ನ ಕೈಯಲ್ಲಿದ್ದ ಆ ವಾಚನ್ನು ಬಿಚ್ಚಿಸಿ ಹತ್ತಿರ ಹಿಡಿದ. ಮೀಟರು ಬಿಸಿ ಎಣ್ಣೆಗೆ ಬಿದ್ದ ಸಾಸಿವೆಯ ಹಾಗೆ ಚಟಪಟ ಅಂದಿತು. ಇಬ್ಬರೂ ಬೆಪ್ಪಾದೆವು. ಸತ್ತದ್ದು ಹೊಳೆಯುವ ಪುಡಿ ಮಾತ್ರ. ರೇಡಿಯಂ ಅದನ್ನು ಹೊಡೆದು ಹೊಡೆದು ಕೆಲವೇ ವರ್ಷಗಳಲ್ಲಿ ಪುಡಿಯನ್ನೇ ಕೆಡಿಸಿಬಿಡುತ್ತದೆ; ತಾನು ಅರ್ಧಕ್ಕೆ ಇಳಿಯಲು 1,600 ವರ್ಷ ಬೇಕು. ಆವತ್ತಿನಿಂದ ಆ ವಾಚನ್ನು ಕಟ್ಟಿಲ್ಲ, ಗಾಜು ತೆಗೆಯಲು ಯಾರ ಕೈಗೂ ಕೊಟ್ಟಿಲ್ಲ.

ಟ್ರಿಟಿಯಮ್ಮಿನ ನಡತೆ ಇದಕ್ಕೆ ಪೂರ್ತಿ ಉಲ್ಟಾ. ಅದು ಜಲಜನಕದ ಮೂರನೇ ತಮ್ಮ. 1934ರಲ್ಲಿ ಕೇಂಬ್ರಿಜ್‌ನಲ್ಲಿ ರದರ್‌ಫರ್ಡ್, ಆಲಿಫಂಟ್, ಹಾರ್ಟೆಕ್ ಮೂವರೂ ಸೇರಿ ಅದನ್ನು ಮೊದಲು ಹುಟ್ಟಿಸಿದರು. ಅರ್ಧಾಯುಷ್ಯ 12.3 ವರ್ಷ. ಅದು ಬಿಡುವ ಎಲೆಕ್ಟ್ರಾನಿಗೆ ಶಕ್ತಿ ಎಷ್ಟು ಕಡಿಮೆಯೆಂದರೆ ತೆಳು ಗಾಜನ್ನೂ ದಾಟಲಾರದು, ಚರ್ಮದ ಹೊರಪದರದಲ್ಲೇ ನಿಲ್ಲುತ್ತದೆ. ಆದ್ದರಿಂದ ಅಕ್ಕಿಕಾಳಿಗಿಂತ ಸಣ್ಣ ಗಾಜಿನ ನಳಿಗೆಯ ಒಳಮೈಗೆ ಹೊಳೆಯುವ ಪುಡಿ ಲೇಪಿಸಿ, ಟ್ರಿಟಿಯಂ ಅನಿಲ ತುಂಬಿ, ಬಾಯಿಯನ್ನು ಲೇಸರ್ ಶಾಖದಲ್ಲಿ ಬೆಸೆದುಬಿಟ್ಟರೆ ಅಪಾಯವೆಲ್ಲ ಒಳಗೇ, ಬೆಳಕು ಮಾತ್ರ ಹೊರಗೆ. ಇದರಲ್ಲಿ ಪಳಗಿದವರು ಸ್ವಿಟ್ಜರ್‌ಲೆಂಡಿನವರು. ಅನಿಲದ ಬಹುಪಾಲು ಕೆನಡಾದ ಒಂಟಾರಿಯೋದಿಂದ. ಭಾರಜಲದ ಅಣು ರಿಯಾಕ್ಟರುಗಳಲ್ಲಿ ನೀರಿನ ಡ್ಯೂಟೀರಿಯಂ ಒಂದು ನ್ಯೂಟ್ರಾನ್ ನುಂಗಿ ಟ್ರಿಟಿಯಂ ಆಗುತ್ತಲೇ ಇರುತ್ತದೆ. ಡಾರ್ಲಿಂಗ್ಟನ್ ಸ್ಥಾವರದಲ್ಲಿ ಅದನ್ನು ಬೇರ್ಪಡಿಸುತ್ತಾರೆ. ನಮ್ಮ ಕೈಗಾದ ನಾಲ್ಕು ರಿಯಾಕ್ಟರುಗಳೂ ಭಾರಜಲದವೇ. 2009ರ ನವೆಂಬರಿನಲ್ಲಿ ಅಲ್ಲಿ ಕುಡಿಯುವ ನೀರಿನ ಕೂಲರಿಗೆ ಯಾರೋ ಭಾರಜಲ ಬೆರೆಸಿ, 50ಕ್ಕೂ ಹೆಚ್ಚು ಕೆಲಸಗಾರರ ಮೂತ್ರದಲ್ಲಿ ಟ್ರಿಟಿಯಂ ಕಾಣಿಸಿಕೊಂಡದ್ದು ಪತ್ರಿಕೆಗಳಲ್ಲಿ ಬಂದಿತ್ತು. ಗಾಜಿನ ಹೊರಗಿದ್ದಾಗ ಈ ತಮ್ಮನೂ ಸಾಧುವಲ್ಲ ಅನ್ನುವುದಕ್ಕಷ್ಟೇ ಹೇಳಿದೆ.

ಕೋವಿಗೆ ಅದು ಬಂದದ್ದು ಸೈನ್ಯದ ದಾರಿಯಿಂದ. ಇಸ್ರೇಲಿನವರು 1970ರ ದಶಕದ ತಮ್ಮ ಗಲೀಲ್ ರೈಫಲಿಗೆ ಎತ್ತಿ ನಿಲ್ಲಿಸುವ ಟ್ರಿಟಿಯಂ ಸೈಟು ಇಟ್ಟರು, ಆ ದಂತದ ಮೂನ್‌ಸೈಟಿನ ಹಾಗೆಯೇ. ಬ್ರಿಟಿಷರು ತಮ್ಮ ಎಸ್‌ಎಲ್‌ಆರ್ ಮೇಲೆ ಟ್ರೈಲಕ್ಸ್ ಎಂಬ ದುರ್ಬೀನು ಕೂರಿಸಿದರು, ಒಳಗಿನ ಗುರಿಮುಳ್ಳಿಗೆ ಟ್ರಿಟಿಯಂ ದೀಪ. ಅದೇ ವಂಶದ ಇಶಾಪುರದ ಎಸ್‌ಎಲ್‌ಆರ್ ನಾನು ದಿನಾ ಬಿಚ್ಚಿ ಜೋಡಿಸುತ್ತಿದ್ದದ್ದು. ನನ್ನ ಬೆಂಚಿಗೆ ಬಂದವುಗಳಲ್ಲಿ ಅಂಥ ದೀಪ ಒಂದೂ ಇರಲಿಲ್ಲ.

ಪಿಸ್ತೂಲಿನಲ್ಲಿ ಟ್ರಿಟಿಯಂ ಸೈಟು ಮನೆಮಾತಾದದ್ದು 1980ರ ದಶಕದಲ್ಲಿ. ಗ್ಲಿನ್ ಬಿಂಡನ್ ಎಂಬ ದಕ್ಷಿಣ ಆಫ್ರಿಕಾ ಮೂಲದ ಎಂಜಿನಿಯರ್ ಮಿಷಿಗನ್‌ನಲ್ಲಿ 1981ರಲ್ಲಿ ಆ ದೇಶದ ಸೈಟುಗಳನ್ನು ತರಿಸಿ ಮಾರಲು ಶುರು ಮಾಡಿದ, 1985ರಲ್ಲಿ ಟ್ರಿಜಿಕಾನ್ ಅಂತ ಕಂಪನಿಗೆ ಹೆಸರಿಟ್ಟ. 2003ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ. ಆತ ದೈವಭಕ್ತ. ಸೈನ್ಯಕ್ಕೆ ಮಾರಿದ ದುರ್ಬೀನುಗಳ ಮಾದರಿ ಸಂಖ್ಯೆಯ ಕೊನೆಗೆ ಬೈಬಲ್ಲಿನ ಅಧ್ಯಾಯ, ವಚನದ ಸಂಖ್ಯೆ ಸೇರಿಸಿಬಿಟ್ಟಿದ್ದರು. ಯೋಹಾನ 8:12, ಬೆಳಕಿನ ವಿಚಾರದ ವಚನ. 2010ರಲ್ಲಿ ಅದು ಹೊರಬಿದ್ದು ಗಲಾಟೆಯಾಯಿತು, ನಿಲ್ಲಿಸಿದರು. ನಾವು ಆಯುಧಪೂಜೆಗೆ ಮೆಷಿನ್‌ಗನ್ನಿಗೂ ಕುಂಕುಮ ಇಟ್ಟವರು, ನಾನು ಹೆಚ್ಚು ಮಾತಾಡಬಾರದು.

ಅಮೆರಿಕದ ಪೊಲೀಸರು ಈ ಹೊಳೆಯುವ ಸೈಟುಗಳಿಗೆ ಮುಗಿಬಿದ್ದರು. ಅಣುಶಕ್ತಿ ನಿಯಂತ್ರಣದವರು ಸೈಟು ಮಾಡುವವನಿಗೆ ಲೈಸೆನ್ಸ್ ಕಡ್ಡಾಯ ಮಾಡಿ, ಕೊಳ್ಳುವವನಿಗೆ ಬೇಡವೆಂದರು. ಹೀಗೆ ಒಂದು ಪೊಟ್ಟಣ ವಿಕಿರಣ ಅಂಚೆಯಲ್ಲಿ ಬಂದು ಮಗಳ ಮನೆಯ ಬಾಗಿಲಲ್ಲಿ ಬಿದ್ದಿತ್ತು, ಮೊಮ್ಮಗಳ ಬಣ್ಣದ ಪೆನ್ಸಿಲ್ಲುಗಳ ಜೊತೆಗೆ.

ಕೆಲಸ ಶುರುವಾಯಿತು. ಮುಂದಿನ ಸೈಟು ಸುಲಭ: ಸ್ಲೈಡಿನ ಒಳಗಿನಿಂದ ಒಂದು ಪುಟ್ಟ ಆರುಮೂಲೆ ಸ್ಕ್ರೂ, ಬಿಚ್ಚು, ಹೊಸದು ಇಡು, ಒಂದು ಹನಿ ಅಂಟುಮದ್ದು, ಬಿಗಿ. ಹಿಂದಿನದ್ದು ಅಡ್ಡಕ್ಕೆ ಕೊರೆದ ಡವ್‌ಟೇಲ್ ಕಚ್ಚಿನಲ್ಲಿ ಹಲ್ಲು ಕಚ್ಚಿ ಕೂತಿರುತ್ತದೆ. ಅಳಿಯ ಸುತ್ತಿಗೆ ಎತ್ತಿದ. "ಇಡು ಕೆಳಗೆ!" ಅಂತ ಪರೇಡ್ ಗ್ರೌಂಡಿನ ದನಿಯಲ್ಲಿ ಕೂಗಿಬಿಟ್ಟೆ; ಅಡುಗೆಮನೆಯಿಂದ ಮಗಳು ಓಡಿ ಬಂದಳು. ಒಳಗಿರುವುದು ಗಾಜು. ಒಡೆದರೆ ಅನಿಲ ಹೊರಗೆ. ಕಿಟಕಿ ಬಾಗಿಲು ತೆಗೆದು ಎಲ್ಲರೂ ಅಂಗಳಕ್ಕೆ ನಡೆಯಬೇಕು. ಬಾಡಿಗೆಗೆ ತಂದ ಒಂದು ಪುಟ್ಟ ಪ್ರೆಸ್ ಇತ್ತು, ತಿರುಪು ತಿರುವಿದರೆ ಸೈಟನ್ನು ಮೆಲ್ಲಗೆ ತಳ್ಳುವಂಥದ್ದು. ಅದನ್ನು ಸರಿಯಾಗಿ ಕೂರಿಸುವಷ್ಟರಲ್ಲಿ ಸ್ಲೈಡಿನ ಮೇಲೆ ಉಗುರಿನಷ್ಟು ಉದ್ದದ ಗೀರು ಬಿತ್ತು. ನನ್ನ ಬೆರಳುಗಳು ಮೇಜಿನ ಅಡಿಯಲ್ಲಿ ತಾವೇ ತಿರುಪು ತಿರುವುತ್ತಿದ್ದವು. ಹಿಂದಿನ ಸೈಟು ಮಧ್ಯಕ್ಕೆ ಬಂತೇ ಎಂದು ವರ್ನಿಯರ್‌ನಲ್ಲಿ ಎರಡೂ ಬದಿ ಅಳೆಸಿದೆ, ಕೂದಲೆಳೆ ಎಡಕ್ಕಿತ್ತು, ಇನ್ನರ್ಧ ಸುತ್ತು ಕೊಡಿಸಿದೆ.

ದೀಪ ಆರಿಸಿದ. ಮೂರು ಹಸಿರು ಚುಕ್ಕೆ ಕತ್ತಲಲ್ಲಿ ಒಂದೇ ಸಾಲಿಗೆ ಬಂದು ನಿಂತವು. "ಆಹಾ" ಅಂದ. ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ. "ಚುಕ್ಕೆಯ ಆಚೆ ಏನು ಕಾಣ್ತದೆ?" ಅಂತ ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಫ್ರಿಜ್ಜು ಇರಬೇಕು" ಅಂದ. ಮಾರನೇ ದಿನ ತಾನಾಗಿಯೇ ಒಂದು ಟಾರ್ಚು ತರಿಸಿದ.

ಹಳೇ ಸೈಟು ಬೈರಾಸಿನ ಮೇಲೆ ಬಿದ್ದಿತ್ತು. ಅದು ಬಂದೂಕಲ್ಲ, ಅದನ್ನು ಮುಟ್ಟಲು ನನಗೆ ಯಾವ ಕಾನೂನೂ ಅಡ್ಡಿಯಿಲ್ಲ. ಕಸಕ್ಕೆ ಹಾಕಬೇಡ, ಮಾಡಿದವರಿಗೇ ವಾಪಸು ಕಳಿಸು ಅಂತ ಹೇಳಿ, ಕಳಿಸುವವರೆಗೆ ನಾನೇ ಇಟ್ಟುಕೊಂಡೆ. ಪಿಸ್ತೂಲಿನ ಕಾಗದದ ಪ್ರಕಾರ 2003ರದ್ದು, 22 ವರ್ಷ. ಲೆಕ್ಕ ಹಾಕಿದರೆ ಟ್ರಿಟಿಯಂ ಕಾಲು ಭಾಗಕ್ಕಿಂತ ತುಸು ಹೆಚ್ಚೇ ಉಳಿದಿರಬೇಕು. ಪುಡಿಯೂ ಹಳತಾಗಿರುವುದರಿಂದ ಬೆಳಕು ಅದಕ್ಕಿಂತ ಕಡಿಮೆ, ಆದರೆ ಸೊನ್ನೆಯಂತೂ ಅಲ್ಲ. ನೋಡಿಯೇ ಬಿಡಬೇಕೆನ್ನಿಸಿತು.

ಆ ಮನೆಯಲ್ಲಿ ಪೂರ್ತಿ ಕತ್ತಲೆಯ ಜಾಗ ಅಂದರೆ ಬಟ್ಟೆ ತೂಗುಹಾಕುವ ಕ್ಲಾಸೆಟ್ಟು ಒಂದೇ. ರಾತ್ರಿ ಎಲ್ಲರೂ ಟಿವಿ ಮುಂದಿದ್ದಾಗ ಒಳಗೆ ಹೋಗಿ ಬಾಗಿಲೆಳೆದುಕೊಂಡು, ಮಗಳ ಮದುವೆಯ ಸೀರೆ ಇಟ್ಟ ಪೆಟ್ಟಿಗೆಯ ಮೇಲೆ ಕೂತೆ. ಕಣ್ಣು ಕತ್ತಲಿಗೆ ಹೊಂದಲು ಇಪ್ಪತ್ತು ನಿಮಿಷವಾದರೂ ಬೇಕೆಂದು ನಮ್ಮ ನೈಟ್ ಫೈರಿಂಗ್ ಪಾಠದಲ್ಲಿ ಹೇಳುತ್ತಿದ್ದರು. ಐದು ನಿಮಿಷಕ್ಕೆ ಏನೂ ಇಲ್ಲ. ಹತ್ತಕ್ಕೆ ಏನೂ ಇಲ್ಲ. ಅಟ್ಟಣೆಯಲ್ಲಿ ಅಪ್ಪನ ಪಕ್ಕ ಕೂತು ಹಂದಿ ಕಾಯುತ್ತಿದ್ದ ಹಾಗೆ, ಕೆಮ್ಮು ಬಂದರೂ ನುಂಗಿಕೊಂಡು ಕೂತೆ. ನೇರ ನೋಡಿದರೆ ಕಾಣುವುದಿಲ್ಲ, ಸ್ವಲ್ಪ ಪಕ್ಕಕ್ಕೆ ನೋಡಬೇಕು. ನೋಡಿದೆ. ಅಂಗೈಯಲ್ಲಿ ಎರಡು ಚುಕ್ಕೆ, ಹಸಿರು ಅಂತ ಹೇಳಲೂ ಆಗದಷ್ಟು ತೆಳು, ಬೂದಿಯೊಳಗಿನ ಕೆಂಡದ ಹಾಗೆ ಇದ್ದೇ ಇದ್ದವು.

ಬಾಗಿಲು ತೆರೆಯಿತು, ದೀಪ ಕಣ್ಣಿಗೆ ಹೊಡೆಯಿತು.

"ಅಪ್ಪ," ಅಂದಳು ಮಗಳು, "ಇಲ್ಲಿ ಕೂತು ಏನು ಮಾಡ್ತಾ ಇದ್ದೀರಿ?"